ಘಟ್ಟ ಹತ್ತಿದ ಕಾರು ಸಿಗ್ನಲ್‌ನಲ್ಲಿ ಕುದಿಯುವುದೇಕೆ?

ಆಗುಂಬೆಯಲ್ಲಾಗಲಿ ಚಾರ್ಮಾಡಿಯಲ್ಲಾಗಲಿ, ಘಟ್ಟದ ತಿರುವೊಂದರಲ್ಲಿ ಬಾನೆಟ್ ತೆರೆದು ನಿಂತ ಅಂಬಾಸಿಡರ್ ಕಾರು ಒಂದು ಕಾಲಕ್ಕೆ ಅಪರೂಪದ ದೃಶ್ಯವಾಗಿರಲಿಲ್ಲ. ಚಾಲಕ ಹಸಿ ಬಟ್ಟೆಯನ್ನು ಕೈಗೆ ಸುತ್ತಿಕೊಂಡು, ಮುಖವನ್ನು ಆಚೆ ತಿರುಗಿಸಿ, ರೇಡಿಯೇಟರಿನ ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸುತ್ತಿದ್ದ. ಬುಸ್ಸೆಂದು ಹಬೆ ಏಳುತ್ತಿತ್ತು. ಒಳಗಿದ್ದವರು ಇಳಿದು ಕಾಲಾಡಿಸುತ್ತಿದ್ದರು. ಪಕ್ಕದ ಝರಿಯಿಂದ ಕ್ಯಾನಿನಲ್ಲಿ ನೀರು ಬಂದು, ಎಂಜಿನ್ ತಣಿದು, ಪ್ರಯಾಣ ಮುಂದುವರಿಯುತ್ತಿತ್ತು.

ಅದೇ ಕಾರನ್ನು ಇಂದಿಗೂ ಜತನದಿಂದ ಉಳಿಸಿಕೊಂಡವರ ದೂರು ಬೇರೆ. ಘಟ್ಟವನ್ನು ಅದು ಹೇಗೋ ಏರಿಬಿಡುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಇಪ್ಪತ್ತು ನಿಮಿಷ ನಿಂತರೆ ಮಾತ್ರ ಉಷ್ಣತೆಯ ಮುಳ್ಳು ಕೆಂಪು ಗೆರೆ ಮುಟ್ಟುತ್ತದೆ. ಕುದಿದ ಎಂಜಿನ್ ಎಂದರೆ ಬರೀ ಹಬೆಯಲ್ಲ. ಸಿಲಿಂಡರ್ ಹೆಡ್ ಸೊಟ್ಟಗಾಗುತ್ತದೆ, ಹೆಡ್ ಗ್ಯಾಸ್ಕೆಟ್ ಸುಡುತ್ತದೆ, ನೀರು ಎಣ್ಣೆಯೊಳಗೆ ಸೇರುತ್ತದೆ. ಬಿಡಿಭಾಗ ಸುಲಭವಾಗಿ ಸಿಗದ ಹಳೆಯ ವಾಹನಕ್ಕೆ ಇದು ಪ್ರಾಣಾಂತಿಕವೇ ಸರಿ. ಹೀಗಾಗಿ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಿಂದ ಹಿಡಿದು ಮೂಲೆಮನೆ ಗ್ಯಾರೇಜಿನವರೆಗೆ ಒಂದೇ ಸಲಹೆ ಕೇಳಿಬರುತ್ತದೆ: ‘ಆ ಹಳೇ ಫ್ಯಾನ್ ತೆಗೆದು ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿಬಿಡಿ ಸಾರ್’.

ಬೆಲ್ಟಿನಿಂದ ತಿರುಗುವ ಫ್ಯಾನೋ, ವಿದ್ಯುತ್ ಮೋಟಾರಿನಿಂದ ತಿರುಗುವ ಫ್ಯಾನೋ? ಕೇಳಲು ಗ್ಯಾರೇಜಿನ ಪ್ರಶ್ನೆ. ಆದರೆ ಇದರ ಹಿಂದೆ ನೂರಿಪ್ಪತ್ತು ವರ್ಷಗಳಿಗೂ ಮಿಕ್ಕಿದ ಇತಿಹಾಸವಿದೆ. ಅದನ್ನು ತಿಳಿಯದೆ ಮಾಡಿದ ಬದಲಾವಣೆ ಒಂದು ತೊಂದರೆ ನೀಗಿ ಎರಡು ತೊಂದರೆ ತಂದ ಉದಾಹರಣೆಗಳು ಕಡಿಮೆಯಲ್ಲ.

ಎಂಜಿನ್ನಿಗೆ ಫ್ಯಾನ್ ಏಕೆ ಬೇಕು ಎಂಬಲ್ಲಿಂದಲೇ ಆರಂಭಿಸಬಹುದು. ಹಳೆಯ ಪೆಟ್ರೋಲ್ ಎಂಜಿನ್ನಿನಲ್ಲಿ ಉರಿದ ಇಂಧನದ ಶಕ್ತಿಯಲ್ಲಿ ಚಕ್ರ ತಿರುಗಿಸಲು ದಕ್ಕುವುದು ಸ್ಥೂಲವಾಗಿ ಕಾಲು ಪಾಲು ಮಾತ್ರ. ಉಳಿದುದರಲ್ಲಿ ಒಂದು ದೊಡ್ಡ ಭಾಗ ಹೊಗೆಯ ಜೊತೆ ಹೋಗುತ್ತದೆ, ಇನ್ನೊಂದು ದೊಡ್ಡ ಭಾಗ ಎಂಜಿನ್ನಿನ ಸುತ್ತಲಿನ ನೀರಿಗೆ ಇಳಿಯುತ್ತದೆ. ಆ ಬಿಸಿಯನ್ನು ಹೊರಗಿನ ಗಾಳಿಗೆ ದಾಟಿಸದೆ ಇದ್ದರೆ ನೀರು ಕುದಿಯಲೇಬೇಕು.

1886ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ತನ್ನ ಮೂರು ಚಕ್ರದ ಗಾಡಿಯಲ್ಲಿ ಜರ್ಮನಿಯ ಕಾರ್ಲ್ ಬೆಂಜ್ ಈ ಗೋಜಿಗೇ ಹೋಗಿರಲಿಲ್ಲ. ಅಲ್ಲಿ ನೀರು ಕುದಿದು ಆವಿಯಾಗುವುದೇ ತಂಪಾಗಿಸುವ ವಿಧಾನ. 1888ರಲ್ಲಿ ಅವನ ಪತ್ನಿ ಬೆರ್ತಾ ಬೆಂಜ್ ಇಬ್ಬರು ಗಂಡುಮಕ್ಕಳೊಂದಿಗೆ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಸುಮಾರು 100 ಕಿ.ಮೀ. ಗಾಡಿ ಓಡಿಸಿಕೊಂಡು ಹೋದಾಗ ದಾರಿಯುದ್ದಕ್ಕೂ ನಿಂತು ನಿಂತು ನೀರು ತುಂಬಿಸಬೇಕಾಯಿತು. ಝರಿಯ ಪಕ್ಕ ಕ್ಯಾನ್ ಹಿಡಿದು ನಿಂತ ನಮ್ಮ ಘಟ್ಟದ ಚಾಲಕನಿಗೆ ಆಕೆಯೇ ಮೂಲ ಪುರುಷಳು ಎನ್ನಬಹುದೇನೋ!

ಪರಿಹಾರ ಬಂದದ್ದು ಡೈಮ್ಲರ್ ಕಂಪನಿಯ ವಿಲ್ಹೆಲ್ಮ್ ಮೇಬಾಕ್ ಎಂಬ ಎಂಜಿನಿಯರನ ಕೈಯಿಂದ. 1900-01ರಲ್ಲಿ ಎಮಿಲ್ ಯೆಲಿನೆಕ್ ಎಂಬ ವ್ಯಾಪಾರಿಯ ಬೇಡಿಕೆಯಂತೆ ತಯಾರಾಗಿ, ಅವನ ಮಗಳ ಹೆಸರು ಹೊತ್ತ ಮರ್ಸಿಡಿಸ್ 35 ಅಶ್ವಶಕ್ತಿಯ ಕಾರಿಗೆ ಮೇಬಾಕ್ ಜೇನುಗೂಡಿನಂಥ ರೇಡಿಯೇಟರ್ ಕೂಡಿಸಿದ. ಆರು ಮಿಲಿಮೀಟರ್ ಚೌಕದ 8,070 ಕಿರು ಕೊಳವೆಗಳನ್ನು ಒಟ್ಟಿಗೆ ಬೆಸೆದ ರಚನೆ ಅದು. ಕೊಳವೆಯೊಳಗೆ ಗಾಳಿ, ಹೊರಗೆ ನೀರು. ಕಾರು ಓಡುವಾಗ ಎದುರುಗಾಳಿಯೇ ಸಾಕಾಗುತ್ತಿತ್ತು. ನಿಧಾನಕ್ಕೆ ಹೋಗುವಾಗ? ಅದಕ್ಕೆಂದೇ ಅವನು ರೇಡಿಯೇಟರಿನ ಹಿಂದೆ ಒಂದು ಸಣ್ಣ ಫ್ಯಾನ್ ಇಟ್ಟ. ಫ್ಯಾನ್ ಹುಟ್ಟಿದ್ದೇ ನಿಧಾನಗತಿಯ ಸಂಕಟಕ್ಕೆ ಎಂಬುದನ್ನು ಇಲ್ಲಿ ನೆನಪಿಡಬೇಕು.

1908ರಲ್ಲಿ ಬಂದ ಫೋರ್ಡ್ ‘ಮಾಡೆಲ್ ಟಿ’ಯಲ್ಲೂ ಮುಂದೆ ರೇಡಿಯೇಟರ್, ಹಿಂದೆ ಬೆಲ್ಟಿನಿಂದ ತಿರುಗುವ ಫ್ಯಾನ್. ಮುಂದಿನ ಐವತ್ತು ವರ್ಷ ಈ ವ್ಯವಸ್ಥೆಯನ್ನು ಬದಲಿಸಲು ಯಾರಿಗೂ ಬಲವಾದ ಕಾರಣವಿರಲಿಲ್ಲ. ಎಂಜಿನ್ ಉದ್ದುದ್ದಕ್ಕೆ ಕೂತಿದೆ. ಅದರ ಮೂತಿ ರೇಡಿಯೇಟರಿನ ಕಡೆಗೇ ಇದೆ. ನೀರಿನ ಪಂಪು ಅಲ್ಲೇ ತಿರುಗುತ್ತಿದೆ. ಆ ಪಂಪಿನ ದಂಡಕ್ಕೇ ನಾಲ್ಕು ರೆಕ್ಕೆ ಸಿಕ್ಕಿಸಿದರೆ ಮುಗಿಯಿತು. ಅಂಬಾಸಿಡರ್‌ನಲ್ಲಿ ಕಾಣುವುದೂ ಇದನ್ನೇ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರನ್ನು ಆಧರಿಸಿ 1950ರ ದಶಕದ ಕೊನೆಯಲ್ಲಿ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗತೊಡಗಿದ ಈ ಕಾರಿನ 1489 ಸಿ.ಸಿ.ಯ ಬಿ-ಸೀರೀಸ್ ಎಂಜಿನ್ನಿನಲ್ಲಿ ಒಂದೇ ಬೆಲ್ಟು ಪಂಪು, ಫ್ಯಾನು, ಡೈನಮೋ ಮೂರನ್ನೂ ಎಳೆಯುತ್ತಿತ್ತು. ಇಟಲಿಯ ಫಿಯೆಟ್ 1100ರಿಂದ ಬಂದ ಪ್ರೀಮಿಯರ್ ಪದ್ಮಿನಿಯಲ್ಲೂ ಫ್ಯಾನಿಗೆ ಬೆಲ್ಟೇ ಗತಿ.

ಈ ಫ್ಯಾನಿಗೆ ಒಂದು ಗುಣ, ಒಂದು ಅವಗುಣ. ಎರಡೂ ಒಂದೇ ಬೇರಿನವು: ಎಂಜಿನ್ ತಿರುಗಿದಷ್ಟೇ ಅದೂ ತಿರುಗುತ್ತದೆ.

ಘಟ್ಟದಲ್ಲಿ ಕಾರು ಎರಡನೇ ಗೇರಿನಲ್ಲಿ ಗಂಟೆಗೆ 25-30 ಕಿ.ಮೀ. ವೇಗದಲ್ಲಿ ಏರುತ್ತಿರುತ್ತದೆ. ಎದುರುಗಾಳಿ ಕಡಿಮೆ. ಆದರೆ ಎಂಜಿನ್ ನಿಮಿಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಸುತ್ತು ಸುತ್ತುತ್ತಿರುತ್ತದೆ. ಫ್ಯಾನೂ ಅದರ ಜೊತೆಗೇ ಗಾಳಿಯನ್ನು ಬಲವಾಗಿ ಎಳೆಯುತ್ತದೆ. ಏರಿನಲ್ಲಿ ಎಂಜಿನ್ನಿಗೆ ಹೊರೆ ಹೆಚ್ಚಾದಾಗ ಅದಕ್ಕೆ ಗಾಳಿ ಹಾಕುವವನ ಕೈಯೂ ಚುರುಕಾಗುತ್ತದೆ ಎಂದಂತಾಯಿತು. ಆಗಲೂ ಕುದಿಯುತ್ತಿತ್ತಲ್ಲ ಎಂದರೆ, ಅದಕ್ಕೆ ಪೂರ್ತಿ ಸಂಸಾರ ಹೇರಿದ ಭಾರ, ಉಪ್ಪು ಕಟ್ಟಿದ ರೇಡಿಯೇಟರ್ ಮತ್ತು ಸಡಿಲ ಬೆಲ್ಟು ಕಾರಣವಾಗಿರುತ್ತಿದ್ದುದೇ ಹೆಚ್ಚು.

ಸಿಗ್ನಲ್ಲಿನಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಕಾರು ನಿಂತಿದೆ, ಎದುರುಗಾಳಿ ಇಲ್ಲವೇ ಇಲ್ಲ. ಎಂಜಿನ್ ನಿಮಿಷಕ್ಕೆ 700-800 ಸುತ್ತಿನಲ್ಲಿ ಗುನುಗುತ್ತಿರುತ್ತದೆ. ಫ್ಯಾನ್ ಸೋಮಾರಿಯಾಗಿ ತಿರುಗುತ್ತದೆ. ಮುಂದಿನ ಬಸ್ಸಿನ ಬಿಸಿ ಹೊಗೆ, ಕೆಳಗೆ ಕಾದ ಡಾಂಬರು. ಫ್ಯಾನ್ ಯಾವ ಕೆಲಸಕ್ಕೆಂದು ಹುಟ್ಟಿತೋ ಆ ಕೆಲಸದಲ್ಲೇ ಅದು ಸೋಲುವುದು ಇಲ್ಲಿ. ಮಾರಿಸ್ ಆಕ್ಸ್‌ಫರ್ಡ್ ರೂಪಿಸಿದವರ ಮನಸ್ಸಿನಲ್ಲಿ ಅರ್ಧ ಗಂಟೆ ಅಲುಗಾಡದೆ ನಿಲ್ಲುವ ಭಾರತದ ಮಹಾನಗರದ ರಸ್ತೆ ಇದ್ದಿರಲು ಸಾಧ್ಯವಿಲ್ಲ. ತಪ್ಪು ಕಾರಿನದೋ ರಸ್ತೆಯದೋ ಎಂಬುದನ್ನು ಓದುಗರೇ ಹೇಳಬೇಕು.

ಹೆದ್ದಾರಿಯಲ್ಲಿ ಇನ್ನೊಂದು ವಿಪರ್ಯಾಸ. ಗಂಟೆಗೆ 60 ಕಿ.ಮೀ. ದಾಟಿದ ಮೇಲೆ ಎದುರುಗಾಳಿಯೇ ಸಾಮಾನ್ಯವಾಗಿ ಸಾಕು. ಆಗ ಫ್ಯಾನಿಗೆ ಕೆಲಸವಿಲ್ಲ. ಆದರೂ ಅದು ಅತಿ ವೇಗದಲ್ಲಿ ಸುತ್ತುವುದು ಆಗಲೇ. ಫ್ಯಾನಿನ ವೇಗ ಎರಡು ಪಟ್ಟಾದರೆ ಗಾಳಿ ಎರಡು ಪಟ್ಟಾಗುತ್ತದೆ, ಆದರೆ ಅದು ನುಂಗುವ ಶಕ್ತಿ ಎಂಟು ಪಟ್ಟಾಗುತ್ತದೆ ಎಂಬುದು ಫ್ಯಾನುಗಳ ನಿಯಮ. ಹಳೆಯ ಕಾರುಗಳ ಬಾನೆಟ್ಟಿನಡಿಯ ಆ ಭರ್ರೆನ್ನುವ ಸದ್ದಿನಲ್ಲಿ ಒಂದಷ್ಟು ಪೆಟ್ರೋಲಿನ ದುಡ್ಡೂ ಸೇರಿದೆ.

ಎಂಜಿನಿಯರುಗಳು ಇದಕ್ಕೆ ಮೊದಲು ಕಂಡುಕೊಂಡದ್ದು ನಡುವಣ ದಾರಿ. 1950ರ ದಶಕದಿಂದೀಚೆಗೆ ಬೆಲ್ಟಿಗೂ ಫ್ಯಾನಿಗೂ ನಡುವೆ ದಪ್ಪ ಸಿಲಿಕೋನ್ ಎಣ್ಣೆ ತುಂಬಿದ ಕ್ಲಚ್ ಬಂತು. ರೇಡಿಯೇಟರಿನಿಂದ ಬರುವ ಗಾಳಿ ಬಿಸಿಯಾದರೆ ಎಣ್ಣೆ ಹಿಡಿದುಕೊಳ್ಳುತ್ತದೆ, ಫ್ಯಾನ್ ಜೋರಾಗಿ ತಿರುಗುತ್ತದೆ, ತಣ್ಣಗಾದರೆ ಜಾರುತ್ತದೆ. ಲಾರಿ ಮತ್ತು ಜೀಪಿನ ಜಾತಿಯ ಹಲವು ವಾಹನಗಳಲ್ಲಿ ಇದು ಬಹುಕಾಲ ಬಾಳಿತು. ಆದರೆ ನಿಂತ ಕಾರಿನ ತೊಂದರೆಗೆ ಇದೂ ಮದ್ದಲ್ಲ. ಎಂಜಿನ್ನಿಗಿಂತ ವೇಗವಾಗಿ ತಿರುಗಿಸಲು ಅದಕ್ಕೆ ಬರುವುದಿಲ್ಲ.

ವಿದ್ಯುತ್ ಫ್ಯಾನಿನ ಕಥೆ ಇಲ್ಲಿಂದ ಆರಂಭವಾಗುತ್ತದೆ. ಅದು ಬಂದದ್ದು ಸಿಗ್ನಲ್ಲಿನಲ್ಲಿ ಕುದಿಯುವವರ ಗೋಳು ಕೇಳಿ ಎಂದುಕೊಂಡರೆ ಅರ್ಧ ಸತ್ಯ. 1961ರಲ್ಲಿ ಬಂದ ಇಂಗ್ಲೆಂಡಿನ ಜಾಗ್ವಾರ್ ‘ಇ-ಟೈಪ್’ ಕಾರಿನಲ್ಲಿ ಉಷ್ಣತೆಗೆ ತಕ್ಕಂತೆ ತಾನೇ ಶುರುವಾಗುವ ವಿದ್ಯುತ್ ಫ್ಯಾನ್ ಇತ್ತು. ಆ ಚೆಲುವಾದ ಕಾರು ಪಟ್ಟಣದ ಸಂದಣಿಯಲ್ಲಿ ಬಿಸಿಯಾಗುವುದಕ್ಕೂ ಹೆಸರುವಾಸಿಯಾಯಿತು. ಮೊದಲ ಕಾರುಗಳಲ್ಲಿ ವಿದ್ಯುತ್ ಒದಗಿಸಲು ಹಳೆಯ ಡೈನಮೋವೇ ಇತ್ತು. 1964ರಲ್ಲಿ ಅದರ ಜಾಗಕ್ಕೆ ಆಲ್ಟರ್ನೇಟರ್ ಬಂತು. 1968ರ ಎರಡನೇ ಸರಣಿಯಲ್ಲಿ ಗಾಳಿ ಒಳಬರುವ ಬಾಯಿ ದೊಡ್ಡದಾಯಿತು, ಒಂದು ಫ್ಯಾನಿದ್ದಲ್ಲಿ ಎರಡಾದವು. ಫ್ಯಾನಿಗೆ ಮೋಟಾರು ಕಟ್ಟಿದಾಕ್ಷಣ ಕೆಲಸ ಮುಗಿಯುವುದಿಲ್ಲ ಎಂಬುದನ್ನು ಜಾಗ್ವಾರ್ ಏಳು ವರ್ಷಗಳಲ್ಲಿ ಕಲಿತುಕೊಂಡಿತು. ಹಳೆಯ ಕಾರಿನ ಮಾಲೀಕರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ವಿದ್ಯುತ್ ಫ್ಯಾನ್ ಮನೆಮನೆಯ ಕಾರಿಗೆ ಬಂದದ್ದಕ್ಕೆ ಕಾರಣ ಎಂಜಿನ್ ಅಡ್ಡಕ್ಕೆ ತಿರುಗಿದ್ದು. ಸೂಯೆಜ್ ಬಿಕ್ಕಟ್ಟಿನಿಂದ ಪೆಟ್ರೋಲ್ ದುರ್ಲಭವಾದ ಮೇಲೆ ಅಲೆಕ್ ಇಸಿಗೊನಿಸ್ ರೂಪಿಸಿದ ‘ಮಿನಿ’ 1959ರಲ್ಲಿ ಹೊರಬಂತು. ಒಳಗೆ ಜಾಗ ಉಳಿಸಲು ಎಂಜಿನ್ನನ್ನು ಅಡ್ಡಡ್ಡ ಇಡಲಾಗಿತ್ತು. ಈಗ ಎಂಜಿನ್ನಿನ ಮೂತಿ ಮುಂದಕ್ಕಲ್ಲ, ಪಕ್ಕಕ್ಕೆ. ಬೆಲ್ಟಿನ ಫ್ಯಾನೂ ಪಕ್ಕಕ್ಕೇ. ಇಸಿಗೊನಿಸ್ ರೇಡಿಯೇಟರನ್ನೂ ಕಿತ್ತು ಎಡ ಮುಂಚಕ್ರದ ಪಕ್ಕಕ್ಕೆ ನಿಲ್ಲಿಸಿದ. ಫ್ಯಾನ್ ಎಂಜಿನ್ ಕೋಣೆಯ ಬಿಸಿ ಗಾಳಿಯನ್ನೇ ತೆಗೆದು ರೇಡಿಯೇಟರಿನ ಮೂಲಕ ಚಕ್ರದ ಗೂಡಿಗೆ ಊದಬೇಕಾಯಿತು. ಎದುರುಗಾಳಿಯ ಲಾಭ ಕೈತಪ್ಪಿತು.

ಫಿಯೆಟ್‌ನ ದಾಂತೆ ಜಕೋಸಾ ಇನ್ನೊಂದು ದಾರಿ ಹಿಡಿದ. 1969ರ ಫಿಯೆಟ್ 128ರಲ್ಲಿ ಎಂಜಿನ್ ಅಡ್ಡಕ್ಕಿದ್ದರೂ ರೇಡಿಯೇಟರ್ ಗಾಳಿಗೆ ಮುಖ ಕೊಟ್ಟು ಮುಂದೆಯೇ ಉಳಿಯಿತು. ಬೆಲ್ಟು ಅಲ್ಲಿಗೆ ತಲುಪುವಂತಿರಲಿಲ್ಲ. ಆದ್ದರಿಂದ ವಿದ್ಯುತ್ ಫ್ಯಾನ್. ತಂತಿಗೆ ಯಾವ ಮೂಲೆಯಾದರೇನು? 1973ರ ತೈಲ ಬಿಕ್ಕಟ್ಟಿನ ಬಳಿಕ ಜಗತ್ತಿನ ಸಣ್ಣ ಕಾರುಗಳೆಲ್ಲ ಇದೇ ಜಾಡು ಹಿಡಿದವು. 1974ರ ಫೋಕ್ಸ್‌ವ್ಯಾಗನ್ ಗಾಲ್ಫ್ ಕೂಡ ಹಾಗೆಯೇ. ಹಟ ಬಿಡದ ಮಿನಿ ಕೊನೆಗೆ 1996ರಲ್ಲಿ ರೇಡಿಯೇಟರನ್ನು ಮುಂದಕ್ಕೆ ತಂದು ವಿದ್ಯುತ್ ಫ್ಯಾನಿಗೆ ಶರಣಾಯಿತು. ಆಗ ಅದರ ವಯಸ್ಸು 37!

ಅಂಬಾಸಿಡರ್‌ನ ತವರು ಕಂಪನಿಯೇ ಮಿನಿಯನ್ನು ಮಾಡಿದ್ದು. ಪದ್ಮಿನಿಯ ತವರು ಕಂಪನಿಯೇ 128ನ್ನು ಮಾಡಿದ್ದು. ತವರಿನಲ್ಲಿ ಎಂಜಿನ್ ಅಡ್ಡಕ್ಕೆ ತಿರುಗಿದ ಮೇಲೂ ಲೈಸೆನ್ಸ್ ರಾಜ್ಯದ ಗೋಡೆಯೊಳಗೆ ಇವೆರಡೂ ಉದ್ದುದ್ದಕ್ಕೇ ಮಲಗಿದ್ದವು. ಬೆಲ್ಟಿನ ಫ್ಯಾನೂ ಹಾಗೇ ಉಳಿಯಿತು. ಡಿಸೆಂಬರ್ 1983ರಲ್ಲಿ ಮಾರುತಿ 800 ಬಂದಾಗ ಅಡ್ಡ ಎಂಜಿನ್ನಿನೊಂದಿಗೆ ವಿದ್ಯುತ್ ಫ್ಯಾನ್ ಕೂಡ ಭಾರತದ ಮಧ್ಯಮ ವರ್ಗದ ಅಂಗಳಕ್ಕೆ ಬಂದಿಳಿಯಿತು. ಬೆಲ್ಟಿಗೆ ಪಳಗಿದ ಕೈಗಳಿಗೆ ಅದು ವಿಚಿತ್ರ ವಸ್ತು. ಎಂಜಿನ್ ಓಡುತ್ತಿದ್ದರೂ ಫ್ಯಾನ್ ನಿಂತಿರುತ್ತದೆ; ಕೆಟ್ಟಿದೆಯೋ ಎಂದು ಕೈ ಹಾಕುವಷ್ಟರಲ್ಲಿ ತಟ್ಟನೆ ತಿರುಗುತ್ತದೆ. ಕೆಲವು ಕಾರುಗಳಲ್ಲಂತೂ ಬೀಗದ ಕೈ ತೆಗೆದ ಮೇಲೂ ಒಂದೆರಡು ನಿಮಿಷ ಓಡುವುದುಂಟು.

ಇಷ್ಟು ತಿಳಿದ ಮೇಲೆ ಆಯ್ಕೆಯ ಪ್ರಶ್ನೆಗೆ ಬರಬಹುದು. ಸಿಗ್ನಲ್ಲಿನಲ್ಲಿ ವಿದ್ಯುತ್ ಫ್ಯಾನ್ ಮೇಲು ಎಂಬುದರಲ್ಲಿ ಎರಡು ಮಾತಿಲ್ಲ. ಎಂಜಿನ್ ಗುನುಗುತ್ತಿದ್ದರೂ ಅದು ಪೂರ್ಣ ವೇಗದಲ್ಲಿ ತಿರುಗುತ್ತದೆ. ಮಳೆಗಾಲದಲ್ಲಿ ನೀರು ನಿಂತ ರಸ್ತೆ ದಾಟುವಾಗ ಅದನ್ನು ನಿಲ್ಲಿಸಬಹುದು. ಬೆಲ್ಟಿನ ಫ್ಯಾನಾದರೆ ನೀರನ್ನು ಬಾಚಿ ಎಂಜಿನ್ ಮೇಲೆಲ್ಲ ಎರಚಿ ಗಾಡಿ ನಿಲ್ಲಿಸಿಬಿಡುತ್ತದೆ. ಆದರೆ ಅದಕ್ಕೆ ಬೇಕಾದ ವಿದ್ಯುತ್ ಎಲ್ಲಿಂದ?

ಹಳೆಯ ಬ್ರಿಟಿಷ್ ಕಾರುಗಳ ಸಾಮಾನ್ಯ ಡೈನಮೋ ಅತ್ಯಧಿಕವೆಂದರೆ 22 ಆಂಪಿಯರ್ ಕೊಡುತ್ತದೆ. ಮುಂದೀಪಗಳಿಗೆ ಸುಮಾರು 8, ಕಿಡಿ ಹಾರಿಸುವ ವ್ಯವಸ್ಥೆಗೆ 3-4, ವೈಪರ್ ಮತ್ತು ಹಿಂದೀಪಗಳಿಗೆ 4-5. ಇದಕ್ಕೆ 10 ಆಂಪಿಯರ್ ಬೇಡುವ ಫ್ಯಾನ್ ಸೇರಿಸಿದರೆ ಮಳೆಯ ಸಂಜೆಯಲ್ಲಿ ಲೆಕ್ಕ ಮೀರಿತು. ಅದೂ ಹೋಗಲಿ, 22 ಆಂಪಿಯರ್ ಸಿಗುವುದು ಎಂಜಿನ್ ಜೋರಾಗಿ ಓಡುವಾಗ. ನಿಂತಲ್ಲಿ ಗುನುಗುವಾಗ ಡೈನಮೋ ಕೊಡುವುದು ಬಹುತೇಕ ಸೊನ್ನೆ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿಣುಕುವುದು ಅದಕ್ಕೇ. ಫ್ಯಾನ್ ಅತ್ಯಗತ್ಯವಾಗಿ ಬೇಕಾದ ಗಳಿಗೆಯಲ್ಲೇ ಡೈನಮೋ ಕೈಯೆತ್ತಿರುತ್ತದೆ. ಬ್ಯಾಟರಿ ಒಂದಷ್ಟು ಹೊತ್ತು ಎಳೆದು ಸುಸ್ತಾಗುತ್ತದೆ. ಕುದಿಯದ ಕಾರು ಈಗ ಸ್ಟಾರ್ಟ್ ಆಗದ ಕಾರಾಗಿ ನಡುರಸ್ತೆಯಲ್ಲಿ ನಿಲ್ಲುತ್ತದೆ.

ಹೀಗಾಗಿ ಫ್ಯಾನ್ ಬದಲಿಸುವುದೆಂದರೆ ಡೈನಮೋ ಬದಲಿಸುವುದು. ನಿಧಾನಗತಿಯಲ್ಲೂ ಚೆನ್ನಾಗಿ ವಿದ್ಯುತ್ ಕೊಡುವ ಆಲ್ಟರ್ನೇಟರ್ ಕಾರುಗಳಿಗೆ ವ್ಯಾಪಕವಾಗಿ ಬಂದದ್ದು, ಅಗ್ಗದ ಡಯೋಡ್‌ಗಳು ಸಿಗತೊಡಗಿದ 1960ರ ದಶಕದಲ್ಲಿ. 35-36 ಆಂಪಿಯರಿನ ಸಾಧಾರಣ ಆಲ್ಟರ್ನೇಟರ್ ಇದ್ದರೂ ಒಂದು ವಿದ್ಯುತ್ ಫ್ಯಾನನ್ನು ಸಾಕಬಹುದು. ಆದರೆ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಬಾಡಿಗೆ ಜೋಡಿಸುವ ಪದ್ಧತಿ ಇತ್ತು. ಆಲ್ಟರ್ನೇಟರಿಗೆ ಸಾಮಾನ್ಯವಾಗಿ ನೆಗೆಟಿವ್ ಬೇಕು. ಇದನ್ನು ಗಮನಿಸದೆ ಜೋಡಿಸಿದರೆ ಡಯೋಡ್‌ಗಳು ಸುಡುತ್ತವೆ. ಫ್ಯಾನ್ ಹಿಂದುಮುಂದಾಗಿ ತಿರುಗಿ ಗಾಳಿಯನ್ನು ಎಳೆಯುವ ಬದಲು ತಳ್ಳುತ್ತದೆ. ಇಷ್ಟಕ್ಕೂ ಜೊತೆಗೆ ಪ್ರತ್ಯೇಕ ಫ್ಯೂಸ್, ರಿಲೇ, ದಪ್ಪ ತಂತಿ, ಸುಮಾರು 90-95 ಡಿಗ್ರಿಗೆ ಶುರುವಾಗುವ ಉಷ್ಣತೆಯ ಸ್ವಿಚ್ಚು. ಇವುಗಳಲ್ಲಿ ಯಾವುದೊಂದು ಕೈಕೊಟ್ಟರೂ ಫ್ಯಾನ್ ಸದ್ದಿಲ್ಲದೆ ಸಾಯುತ್ತದೆ. ಬೆಲ್ಟು ತುಂಡಾದರೆ ಬಾನೆಟ್ ಎತ್ತಿದವನಿಗೆ ಕಣ್ಣಿಗೆ ಕಾಣುತ್ತದೆ, ಹೊಸದನ್ನು ರಸ್ತೆಬದಿಯಲ್ಲೇ ಹಾಕಿಕೊಳ್ಳಬಹುದು. ಸುಟ್ಟ ರಿಲೇ ಕಣ್ಣಿಗೆ ಕಾಣುವುದಿಲ್ಲ.

ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ, ತಪ್ಪು ಫ್ಯಾನಿನದೇ ಹೌದೇ ಎಂಬುದು. ಬೋರ್‌ವೆಲ್ಲಿನ ಗಡಸು ನೀರು ಕುಡಿದು ಕುಡಿದು ಅರ್ಧ ಕೊಳವೆಗಳು ಮುಚ್ಚಿಹೋದ ರೇಡಿಯೇಟರಿಗೆ ಯಾವ ಫ್ಯಾನ್ ಹಾಕಿ ಏನು ಫಲ? ಫ್ಯಾನಿನ ಸುತ್ತಲಿನ ತಗಡಿನ ಆವರಣ ಯಾವುದೋ ರಿಪೇರಿಯಲ್ಲಿ ಕಳಚಿ ಹೋಗಿರುತ್ತದೆ. ಆಗ ಫ್ಯಾನ್ ರೇಡಿಯೇಟರಿನ ಮೂಲಕ ಎಳೆಯುವ ಬದಲು ಅಕ್ಕಪಕ್ಕದ ಗಾಳಿಯನ್ನೇ ಕಲಕುತ್ತದೆ. ಮುಚ್ಚಳದ ಕಥೆಯಂತೂ ಅಡುಗೆಮನೆಯ ಕುಕ್ಕರಿನ ಕಥೆಯೇ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಒಳಗೆ ಏಳು ಪೌಂಡಿನ ಒತ್ತಡ ಹಿಡಿದಿಟ್ಟರೆ ಆ ಮಟ್ಟ ಹತ್ತು ಡಿಗ್ರಿಗೂ ಹೆಚ್ಚು ಏರುತ್ತದೆ. ಮುಚ್ಚಳದ ರಬ್ಬರು ಒಣಗಿದ್ದರೆ ಅಷ್ಟೂ ನಷ್ಟ. ಬಿಸಿಯಾದ ಎಂಜಿನ್ನಿನ ಮುಚ್ಚಳವನ್ನು ತೆರೆಯಲೇಬಾರದು ಎನ್ನುವುದೂ ಈ ಕಾರಣಕ್ಕೇ. ಘಟ್ಟದ ಆ ಚಾಲಕನ ಹಸಿ ಬಟ್ಟೆ ಎಷ್ಟೋ ಸಲ ಕೈಯನ್ನು ಉಳಿಸಿಲ್ಲ.

ಹಳೆಯ ವಾಹನ ಎಂದರೆ ಎಲ್ಲವೂ ಒಂದೇ ಬಗೆಯಲ್ಲ ಎಂಬುದನ್ನೂ ಗಮನಿಸಬೇಕು. 2021ರ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ವಾಹನಗಳು ‘ವಿಂಟೇಜ್’. ಷಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಇವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿಯಂಥ ಸಂದರ್ಭಗಳಿಗೆ ಮಾತ್ರ. ಇಲ್ಲೊಂದು ಸ್ವಾರಸ್ಯವಿದೆ. ರ್‍ಯಾಲಿಯ ಮೆರವಣಿಗೆ ಸಾಗುವುದೇ ಆಮೆಗತಿಯಲ್ಲಿ, ಜನ ಫೋಟೊ ತೆಗೆದುಕೊಳ್ಳಲು ನಿಂತು ನಿಂತು. ಬೆಲ್ಟಿನ ಫ್ಯಾನಿಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಇನ್ನೊಂದಿಲ್ಲ. ಮೂಲರೂಪ ಕಾಯಲೇಬೇಕಾದ ಕಾರಿಗೇ ಮೂಲ ಫ್ಯಾನ್ ಸಾಲದು ಎಂಬ ಇಕ್ಕಟ್ಟು.

ಇಂಥವರಿಗೆ ಹೊಂದುವುದು ಕೂಡಿಸುವ ದಾರಿ, ಕೀಳುವ ದಾರಿಯಲ್ಲ. ಬೆಲ್ಟಿನ ಫ್ಯಾನನ್ನು ಹಾಗೇ ಇರಿಸಿ, ರೇಡಿಯೇಟರಿನ ಮುಂಬದಿಗೆ ಗಾಳಿ ತಳ್ಳುವ ಸಣ್ಣ ವಿದ್ಯುತ್ ಫ್ಯಾನೊಂದನ್ನು ರಂಧ್ರ ಕೊರೆಯದೆ ಕಟ್ಟಿ, ಸಂದಣಿಯಲ್ಲಿ ಮಾತ್ರ ಸ್ವಿಚ್ ಒತ್ತುವುದು. ಎದುರುಗಾಳಿಗೆ ಅದು ಸ್ವಲ್ಪ ಅಡ್ಡ ಬರುತ್ತದೆ, ನಿಜ. ಆದರೆ ಆ ಕಾರು ಹೆದ್ದಾರಿಯಲ್ಲಿ ಓಡುವುದೇ ಕಡಿಮೆ. ಡೈನಮೋ ಇದ್ದರೂ ಹತ್ತು ನಿಮಿಷದ ಕೆಲಸವನ್ನು ಬ್ಯಾಟರಿ ತಾಳಿಕೊಳ್ಳುತ್ತದೆ.

ದಿನವೂ ಕಚೇರಿಗೆ ಹೋಗಿಬರುವ ಹಳೆಯ ಕಾರಾದರೆ ಸಂಕೋಚ ಬೇಕಿಲ್ಲ. ರೇಡಿಯೇಟರ್ ಶುಚಿ ಮಾಡಿಸಿ, ಆಲ್ಟರ್ನೇಟರ್ ಹಾಕಿಸಿ, ಆಮೇಲೆ ತಗಡಿನ ಆವರಣ ಸಹಿತವಾದ ವಿದ್ಯುತ್ ಫ್ಯಾನ್ ಕೂಡಿಸುವುದು ವಿವೇಕ. ಹೆಚ್ಚಾಗಿ ಮಲೆನಾಡಿನಲ್ಲೇ ಓಡಾಡುವ, ಘಟ್ಟ ಹತ್ತಿಳಿಯುವ ಜೀಪಿನ ಮಾಲೀಕರು ಬೆಲ್ಟನ್ನು ಬಿಡುವ ಮುನ್ನ ಎರಡು ಸಲ ಯೋಚಿಸಬೇಕು. ಪೆಟ್ರೋಲ್ ಉಳಿಸಲೆಂದು ಫ್ಯಾನ್ ಬದಲಿಸುವ ಮಾತಂತೂ, ಭಾನುವಾರ ಮಾತ್ರ ಹೊರಬರುವ ಕಾರಿನ ಮಟ್ಟಿಗೆ ನಗೆಪಾಟಲು.

ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಅದೇ ವರ್ಷದ ಆರಂಭದಲ್ಲಿ ಮಾರುತಿ 800 ಕೂಡ. ಕಳಚಿದ ಹಳೆಯ ಫ್ಯಾನನ್ನು ಗುಜರಿಗೆ ಹಾಕುವವರೇ ಹೆಚ್ಚು. ಒಂದಿಷ್ಟು ಗ್ರೀಸ್ ಬಳಿದು, ಬಟ್ಟೆ ಸುತ್ತಿ, ಅದರ ನಾಲ್ಕು ಬೋಲ್ಟುಗಳ ಸಮೇತ ಅಟ್ಟದ ಮೇಲೆ ಇಟ್ಟರೆ, ಮುಂದೊಂದು ದಿನ ಆ ಕಾರನ್ನು ಕೊಳ್ಳುವವರು ಅದನ್ನೇ ಮೊದಲು ಕೇಳಬಹುದು.